ಕ್ಯಾಮೆರಾ ತೆರೆದಿಡಿ ಅಕ್ಕಾ

ಪ್ರಶ್ನೆ: 6 ತಿಂಗಳಿಂದ ಮೊಬೈಲ್‌ನಲ್ಲೇ ಯೋಗ ಕ್ಲಾಸ್ ಮಾಡುತ್ತಿದ್ದೇನೆ. 18 ಜನರಿದ್ದರೂ ಒಬ್ಬರ ಪರಿಚಯವೂ ಇಲ್ಲ. ಬೇಜಾರು, ಬಿಟ್ಟುಬಿಡಲೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಬಿಡಬೇಡಿ ಅಕ್ಕಾ. ನನಗೂ ಹಾಗೇ ಆಗಿತ್ತು. ಒಂದು ದಿನ ಹತ್ತು ನಿಮಿಷ ಮೊದಲೇ ಸೇರಿ, ಮೈಕ್ ಆನ್ ಮಾಡಿ, ‘ಇವತ್ತು ತಿಂಡಿ ಏನ್ರೀ?’ ಅಂದೆ. ಯಾರದೋ ಮನೆಯ ಕುಕ್ಕರ್ ಕೂಗಿತು. ಇನ್ನೊಬ್ಬರು ‘ಒಗ್ಗರಣೆ ಮಂಡಕ್ಕಿ’ ಅಂದರು. ಅಲ್ಲಿಂದ ಮಾತು ಶುರು. ಈಗ ನಾನು ಒಂದು ದಿನ ತಪ್ಪಿಸಿದರೂ ಫೋನ್ ಬರುತ್ತದೆ.

ಜೊತೆಗಿದ್ದರೆ ಮೈಗೂ ಬಲ ಜಾಸ್ತಿ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಆಕ್ಸ್‌ಫರ್ಡ್‌ನಲ್ಲಿ ದೋಣಿ ಸ್ಪರ್ಧೆಯ 12 ಹುಡುಗರನ್ನು ಪರೀಕ್ಷಿಸಿದ್ದರು. ವ್ಯಾಯಾಮದ ಯಂತ್ರದ ಮೇಲೆ ಒಬ್ಬೊಬ್ಬರೇ ಹುಟ್ಟು ಹಾಕಿದಾಗಿನದಕ್ಕಿಂತ ಒಟ್ಟಾಗಿ ಹಾಕಿದ ಮೇಲೆ ಅವರು ನೋವನ್ನು ಹೆಚ್ಚು ತಡೆದುಕೊಂಡರು. ಅವರು ಒಂದೇ ಕೋಣೆಯಲ್ಲಿದ್ದರು, ನೀವು ಮೊಬೈಲ್‌ನಲ್ಲಿ, ನಿಜ. ಆದರೆ ನಿಮ್ಮ ಕ್ಲಾಸಿನಲ್ಲೂ ದಾವಣಗೆರೆಯವರು ಇರಬಹುದಲ್ವಾ? ಕೇಳಿ ನೋಡಿ. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಸೇರಿ.