ಬೆಳಿಗ್ಗೆ ಕುಂಟುವ ಮಗು ಸಂಜೆ ಆಡಿದರೆ ಅದು ನಾಟಕವೇ?

ನಿಮ್ಮ ಮಗಳು ನಾಟಕ ಮಾಡ್ತಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಏಳು ವರ್ಷ, ಎರಡನೇ ಕ್ಲಾಸು, ಮಂಡಿ ಮತ್ತು ಮಣಿಕಟ್ಟಿಗೆ ಜೆಐಎ, ಅಂದರೆ ಮಕ್ಕಳ ಸಂಧಿವಾತ ಅಂತ ಡಾಕ್ಟರು ಹೇಳಿದ್ದಾರೆ; ಬೆಳಿಗ್ಗೆ ಗೋಡೆ ಹಿಡಿದು ನಡೆಯೋಳು ಸಂಜೆ ಕುಂಟೆಬಿಲ್ಲೆ ಆಡ್ತಾಳೆ, ಮಿಸ್ಸು "ಬರೀ ನೆಪ" ಅಂತಾರೆ ಅಂತ ಬರೆದಿದ್ದೀರಿ. ನಾನು ಫಿಸಿಯೊಥೆರಪಿಸ್ಟ್. ಇಂಥ ಮಕ್ಕಳನ್ನ ನೋಡ್ತಾನೇ ಇರ್ತೀನಿ, ಸುಮಾರು ಜನರ ಕತೆ ಇದೇ.

ಉರಿಯೂತ ಇರೋ ಕೀಲು ಅಲುಗಾಡದೆ ಇದ್ದರೆ ಬಿಗಿ ಹಿಡಿಯುತ್ತೆ. ಹಾಗಾಗಿ ರಾತ್ರಿ ಮಲಗಿ ಎದ್ದಾಗಲೇ ಅತಿ ಕಷ್ಟ. ಓಡಾಡ್ತಾ ಓಡಾಡ್ತಾ ಸಡಿಲ ಆಗುತ್ತೆ, ಕ್ಲಾಸಲ್ಲಿ ಬಹಳ ಹೊತ್ತು ಕೂತು ಎದ್ದರೆ ಮತ್ತೆ ಅದೇ ಪಾಡು. ಮನೆಯಲ್ಲಿ ಹಿರಿಯರು "ಬೆಳೆಯೋ ಮಕ್ಕಳಿಗೆ ಕಾಲುನೋವು ಇದ್ದದ್ದೇ" ಅಂತಾರಲ್ಲ, ಅದು ಇದಕ್ಕೆ ಪೂರಾ ತದ್ವಿರುದ್ಧ: ಸಂಜೆ ಅಥವಾ ರಾತ್ರಿ ನೋವು, ಬೆಳಿಗ್ಗೆ ಏನೂ ಇರಲ್ಲ, ಕುಂಟೋದೂ ಇಲ್ಲ. ಇನ್ನು ಆರ್‌ಎ ಫ್ಯಾಕ್ಟರ್ ಅನ್ನೋ ಸಂಧಿವಾತದ ರಕ್ತಪರೀಕ್ಷೆ ನೆಗೆಟಿವ್ ಬಂದಿದೆ, ಹಾಗಾದ್ರೆ ಕಾಯಿಲೆನೇ ಇಲ್ಲ ಅಂತ ಯಾರಾದ್ರೂ ಅಂದರೆ ನಂಬಬೇಡಿ. ಜೆಐಎ ಇರೋ ಹೆಚ್ಚಿನ ಮಕ್ಕಳಲ್ಲಿ ಅದು ನೆಗೆಟಿವ್ವೇ.

ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಕೇಳಿದ್ದೀರಿ. ಮಕ್ಕಳು ನೋವು ಅಂತ ಬಾಯಿಬಿಟ್ಟು ಹೇಳೋದು ಕಮ್ಮಿ. ಆ ಕೆಲಸಾನೇ ಬಿಡ್ತಾರೆ, ಇಲ್ಲಾಂದ್ರೆ ಏನಾದ್ರೂ ಉಪಾಯ ಹುಡುಕ್ಕೋತಾರೆ. ಮಣಿಕಟ್ಟು ಹಿಂದಕ್ಕೆ ಬಾಗದ ಮಗು ನೆಲದಿಂದ ಏಳುವಾಗ ಅಂಗೈ ಊರಲ್ಲ, ಮುಷ್ಟಿ ಊರುತ್ತೆ. ಚಕ್ಕಳಮಕ್ಕಳ ಹಾಕಿ ಕೂತಾಗ ಒಂದು ಕಾಲು ಮೆಲ್ಲಗೆ ಮುಂದೆ ಚಾಚಿರುತ್ತೆ. ನಲ್ಲಿ ತಿರುಗಿಸೋಕೆ ಎರಡೂ ಕೈ ಬೇಕು. ಒಬ್ಬ ಹುಡುಗಿ ಶಾಲೆಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರೋಕಾಗದೆ ನೀರು ಕುಡಿಯೋದನ್ನೇ ನಿಲ್ಲಿಸಿದ್ದಳು. ಬಾಟಲಿ ದಿನಾ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರ್ತಿತ್ತು, ತಾಯಿಗೆ ಅನುಮಾನ ಬಂದಿದ್ದೇ ಅದರಿಂದ.

ಇದನ್ನ ಅಳೆಯೋಕೆ ಸಿಎಚ್‌ಎಕ್ಯೂ ಅನ್ನೋ ಪ್ರಶ್ನಾವಳಿ ಇದೆ. ಬಟ್ಟೆ ಹಾಕೋದು, ಏಳೋದು, ಊಟ, ನಡಿಗೆ, ಹಿಡಿತ ಹೀಗೆ 8 ಭಾಗ. ಕಳೆದ ಒಂದು ವಾರ ಹೇಗಿತ್ತು ಅಂತ ಕೇಳಿ 0ಯಿಂದ 3ರವರೆಗೆ ಅಂಕ ಕೊಡ್ತಾರೆ. ಅಮೆರಿಕದಲ್ಲಿ ಹುಟ್ಟಿದ್ದು, ಹಾಗಾಗಿ ಮೂಲದಲ್ಲಿ ಟಬ್ ಸ್ನಾನದ ಪ್ರಶ್ನೆ ಇದೆ. ನಾನಂತೂ ಅನ್ನ ಸಾರು ಕಲಸಿ ತಿಂತಾಳಾ, ಬಕೆಟ್‌ನಿಂದ ಚೊಂಬಲ್ಲಿ ನೀರು ಮೊಗೆದುಕೋತಾಳಾ ಅಂತ ಕೇಳ್ತೀನಿ. ನೀವೂ ಬೆಳಿಗ್ಗೆ ಅವಳು ಏನೇನು ಮಾಡೋಕೆ ಹೆಣಗ್ತಾಳೆ ಅಂತ ಮೊಬೈಲಲ್ಲಿ ವಿಡಿಯೋ ತೆಗೆದು ಡಾಕ್ಟರಿಗೆ ತೋರಿಸಿ, ಮಿಸ್ಸಿಗೂ ತೋರಿಸಿ. ಮಧ್ಯಾಹ್ನದ ಓಪಿಡಿಯಲ್ಲಿ ಮಗು ಚೆನ್ನಾಗೇ ನಡೆಯುತ್ತೆ!

ಬೆಳಿಗ್ಗೆ ಸ್ವಲ್ಪ ಬೇಗ ಎಬ್ಬಿಸಿ, ಬಿಸಿನೀರ ಸ್ನಾನ ಮಾಡಿಸಿ, ಆಮೇಲೆ ಯೂನಿಫಾರಂ ಗುಂಡಿ ಅವಳೇ ಹಾಕ್ಕೊಳ್ಳಲಿ. ನೋವಿಗೆ ಹಿತ ಅಂತ ಮಂಡಿ ಕೆಳಗೆ ದಿಂಬು ಇಟ್ಟು ಮಲಗಿಸಬೇಡಿ, ಕಾಲು ಬಾಗಿದ ಸ್ಥಿತಿಯಲ್ಲೇ ನಿಂತುಬಿಡುತ್ತೆ. ಆಟ ಬಿಡಿಸಬೇಡಿ. ಸುಮ್ಮನೆ ಕೂರಿಸಿದರೆ ತೊಡೆಯ ಸ್ನಾಯು ಬೇಗ ಸೊರಗುತ್ತೆ, ಮಂಡಿಗೆ ಆಸರೆನೇ ಇರಲ್ಲ. ಸೈಕಲ್, ಈಜು ಒಳ್ಳೇದು. ಶಾಲೆಯಲ್ಲಿ ನೆಲದ ಬದಲು ಬೆಂಚು, ನಡುನಡುವೆ ಎದ್ದು ಓಡಾಡೋಕೆ ಅನುಮತಿ ಕೇಳಿ. ಬ್ಯಾಗಿನ ವಿಚಾರಕ್ಕೆ ವಾದ ಬಂದರೆ, 2019ರ ಸರ್ಕಾರಿ ಆದೇಶದ ಪ್ರಕಾರ 1 ಮತ್ತು 2ನೇ ತರಗತಿಯವರ ಬ್ಯಾಗು 2 ಕೆಜಿ ಮೀರಬಾರದು. ಇವಳದು ಇನ್ನೂ ಹಗುರ ಇರಲಿ.

ಔಷಧಿ ನನ್ನ ಕ್ಷೇತ್ರ ಅಲ್ಲ, ಡಾಕ್ಟರು ಹೇಳಿದ ಹಾಗೇ ಕೊಡಿ, ಚೆನ್ನಾಗಿದ್ದಾಳೆ ಅಂತ ನೀವೇ ನಿಲ್ಲಿಸಬೇಡಿ. ಕಣ್ಣಿನ ವಿಷಯ ಮಾತ್ರ ನಾನು ಎಲ್ಲರಿಗೂ ಹೇಳ್ತೀನಿ: ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗದೆ, ನೋಯದೆ ಒಳಗೊಳಗೇ ಉರಿಯೂತ ಆಗಬಹುದು, ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್ ಅನ್ನೋ ಉಪಕರಣದಲ್ಲಿ ನೋಡಿದರಷ್ಟೇ ಗೊತ್ತಾಗೋದು. ಇನ್ನೂ ಮಾಡಿಸಿಲ್ಲ ಅಂದ್ರೆ ಈ ವಾರವೇ ಮಾಡಿಸಿ, ಎಷ್ಟು ತಿಂಗಳಿಗೊಮ್ಮೆ ಬರಬೇಕು ಅಂತಲೂ ಕೇಳ್ಕೊಂಡು ಬನ್ನಿ.