ಕೆಮಿಕಲ್ ಇಂಜಿನಿಯರಿಂಗ್‌ನಲ್ಲಿ ಬಿಇ ಆಗಿದೆ, ಊರು ಗದಗ. ಎಂಟೆಕ್ ಮಾಡದೆ ಪಿಎಚ್‌ಡಿ ಮಾಡಬಹುದಾ? ಖರ್ಚು ಹೇಗೆ?

ಮಾಡಬಹುದು. ಮನೆಯಿಂದ ದುಡ್ಡು ತರಿಸಬೇಕಾಗಿಯೂ ಇಲ್ಲ. ನಮ್ಮ ಕಡೆ ಎಷ್ಟೋ ಒಳ್ಳೆ ಹುಡುಗರು ಇದು ಗೊತ್ತಿಲ್ಲದೆ ಸುಮ್ನೆ ಸಿಕ್ಕ ಕೆಲಸಕ್ಕೆ ಸೇರಿಬಿಡುತ್ತಾರೆ, ಅದು ನನಗೆ ನಿಜವಾಗಿ ಬೇಜಾರು.

ಮೊದಲು ಗೇಟ್ ಬರೆಯಿರಿ, ಅದು ಇಂಜಿನಿಯರಿಂಗ್ ಆದವರ ರಾಷ್ಟ್ರಮಟ್ಟದ ಪರೀಕ್ಷೆ; ನಿಮ್ಮ ಪೇಪರ್ ಕೋಡ್ ಸಿಎಚ್. ಸ್ಕೋರ್ 3 ವರ್ಷ ನಡೆಯುತ್ತದೆ. ಬೆಂಗಳೂರಿನ ಐಐಎಸ್‌ಸಿ ಬಿಇ ಆದವರನ್ನೂ ನೇರ ಪಿಎಚ್‌ಡಿಗೆ ತಗೊಳ್ಳುತ್ತದೆ. ಸುರತ್ಕಲ್‌ನ ಎನ್‌ಐಟಿಕೆ, ಮುಂಬೈನ ಐಸಿಟಿ (ಕೆಮಿಕಲ್ ಟೆಕ್ನಾಲಜಿ ಸಂಸ್ಥೆ), ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಕೂಡ ನೋಡಿ. ಕ್ಯಾಟಲಿಸ್ಟ್, ರಿಯಾಕ್ಟರ್ ಕೆಲಸ ಇಷ್ಟವಿದ್ದರೆ ನಾನು ಎನ್‌ಸಿಎಲ್ ಅನ್ನೇ ಮೊದಲು ಹೇಳುತ್ತೇನೆ, ಹುಬ್ಬಳ್ಳಿಯಿಂದ ಪುಣೆ ದೂರವೂ ಅಲ್ಲ. ಧಾರವಾಡದ ಐಐಟಿಯ ಪಿಎಚ್‌ಡಿ ಪ್ರವೇಶ ಪ್ರಕಟಣೆ ಮೇಲೂ ಕಣ್ಣಿಡಿ.

ಖರ್ಚಿಗೆ ಜೆಆರ್‌ಎಫ್ ಇದೆ, ಅಂದರೆ ಪಿಎಚ್‌ಡಿ ಮಾಡುವವರಿಗೆ ಸಿಗುವ ಸಂಶೋಧನಾ ಫೆಲೋಶಿಪ್. ಅದರ ದರ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಪಿಎಚ್‌ಡಿ ಯೋಜನೆ, ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಗೊತ್ತಾ? ಅಲ್ಲಿ ನಿಮ್ಮನ್ನು ಕೆಲಸಕ್ಕೆ ತಗೊಂಡಂತೆ ಕಾಂಟ್ರಾಕ್ಟ್ ಮಾಡಿ ಸಂಬಳ ಕೊಡುತ್ತಾರೆ, ನಡುವೆ ಬೇರೆ ದೇಶದ ಲ್ಯಾಬ್‌ಗೋ ಕಂಪನಿಗೋ ಕೆಲವು ತಿಂಗಳು ಕಳಿಸುತ್ತಾರೆ. ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಆದರೆ ಹಿಂದಿನ 36 ತಿಂಗಳಲ್ಲಿ ನೀವು ಕೆಲಸಕ್ಕೆ ಸೇರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು, ಗದಗದಲ್ಲೇ ಇರುವ ನಿಮಗೆ ಅದು ತೊಂದರೆಯೇ ಅಲ್ಲ. ಬಹಳ ಕಡೆ ಮಾಸ್ಟರ್ಸ್ ಕೇಳುತ್ತಾರೆ, ಅದನ್ನು ನೋಡಿಕೊಳ್ಳಿ. ಜಾಹೀರಾತುಗಳು ಯುರಾಕ್ಸೆಸ್ ಜಾಲತಾಣದಲ್ಲಿ ಬರುತ್ತವೆ.

ಎಲ್ಲಿಗೇ ಹಾಕಿ, ಗೈಡ್ ಆಗುವವರ ಇತ್ತೀಚಿನ ಎರಡು ಸಂಶೋಧನಾ ಪೇಪರ್ ಓದದೆ ಮೇಲ್ ಕಳಿಸಬೇಡಿ.