ಹಳೆಯ ಸ್ಟಾರ್ಟರಿಗೆ ಹೊಸ ಪಾಯಿಂಟ್: ಹಿತ್ತಾಳೆ ಏಕೆ ಬೇಡ?

ಪ್ರಶ್ನೆ: ತಿಪಟೂರಿನ ಬಳಿ ನಮ್ಮದೊಂದು ಕೊಬ್ಬರಿ ಎಣ್ಣೆ ಮಿಲ್ಲು ಇದೆ. 20 ಎಚ್‌ಪಿಯ, ಎನ್‌ಜಿಇಎಫ್ ಕಂಪನಿಯ ಮೋಟಾರು ತಂದೆಯವರ ಕಾಲದಿಂದ ಓಡುತ್ತಿದೆ; ಬೇರಿಂಗ್ ಬಿಟ್ಟರೆ ಅದರಲ್ಲಿ ಬೇರೇನನ್ನೂ ಬದಲಿಸಿಲ್ಲ. ತೊಂದರೆಯೆಲ್ಲ ಅದರ ಜೊತೆಗಿರುವ, ಹಿಡಿ ಎಳೆದು ಚಾಲೂ ಮಾಡುವ ಆಯಿಲ್ ಸ್ಟಾರ್ ಡೆಲ್ಟಾ ಸ್ಟಾರ್ಟರಿನದು (ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಮೆಲ್ಲಗೆ ಎಬ್ಬಿಸಿ, ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ, ಎಣ್ಣೆ ತುಂಬಿದ ಪೆಟ್ಟಿಗೆ). ಅದರ ಪಾಯಿಂಟುಗಳು, ಅಂದರೆ ವಿದ್ಯುತ್ ಹರಿಯಲು ಒಂದಕ್ಕೊಂದು ತಾಗುವ ಲೋಹದ ತುಂಡುಗಳು, ಸುಟ್ಟವು; ಬದಲಿ ಎಲ್ಲಿಯೂ ಸಿಗಲಿಲ್ಲ. ಲೇತ್ ಕೆಲಸದವರೊಬ್ಬರಿಂದ ಹಿತ್ತಾಳೆಯಲ್ಲಿ ಅಳತೆಗೆ ಸರಿಯಾಗಿ ಮಾಡಿಸಿದೆವು. ಒಂದೆರಡು ತಿಂಗಳಲ್ಲೇ ಎಣ್ಣೆ ಕಪ್ಪಾಗಿದೆ, ಪೆಟ್ಟಿಗೆ ಮುಟ್ಟಲಾಗದಷ್ಟು ಕಾಯುತ್ತದೆ. ಅಕ್ಕಸಾಲಿಗರಿಂದ ಬೆಳ್ಳಿ ತೇಪೆ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ಮಿಲ್ಲು ನಿಲ್ಲಿಸಿ. ಕಾದ ಎಣ್ಣೆಯ ಪೆಟ್ಟಿಗೆಯನ್ನು ಹಾಗೆಯೇ ಓಡಿಸುವುದು ಬೆಂಕಿಯ ಜೊತೆಗಿನ ಸರಸ.

ಮೋಟಾರು ಮಾಡಿದ ಕಾರ್ಖಾನೆ ಮುಚ್ಚಿದ ಮೇಲೂ ನಿಮಗೆ ಬೇರಿಂಗ್ ಸಿಕ್ಕಿತು. ಬೇರಿಂಗಿಗೆ ಜಗತ್ತಿನಾದ್ಯಂತ ಒಂದೇ ನಂಬರು, ಯಾವ ಕಂಪನಿಯದಾದರೂ ಕೂರುತ್ತದೆ. ಪಾಯಿಂಟಿಗೆ ಆ ಭಾಗ್ಯವಿಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಆಕಾರ. ಹಾಗಾಗಿ ಮಾಡಿಸಿಕೊಳ್ಳಲೇಬೇಕು. ಆದರೆ ಕೆಲಸದವರು ಆಕಾರವನ್ನಷ್ಟೇ ನಕಲು ಮಾಡಿದ್ದಾರೆ, ಲೋಹವನ್ನು ಮರೆತಿದ್ದಾರೆ. ಅವರನ್ನು ದೂರುವಂತಿಲ್ಲ, ಹಿತ್ತಾಳೆ ಲೇತಿನಲ್ಲಿ ಸಲೀಸಾಗಿ ಕತ್ತರಿಸುತ್ತದೆ. ತಾಮ್ರ ಉಳಿಗೆ ಅಂಟಿಕೊಂಡು ಗೋಳಾಡಿಸುತ್ತದೆ.

ಸಾಮಾನ್ಯ ಹಿತ್ತಾಳೆಯ ವಿದ್ಯುತ್ ವಾಹಕತೆ ತಾಮ್ರದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ ಅದರೊಳಗಿನ ಸತುವಿನದು. ಸತು ಸುಮಾರು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಆವಿಯಾಗುತ್ತದೆ. ಸ್ಟಾರ್‌ನಿಂದ ಡೆಲ್ಟಾಗೆ ಹಿಡಿ ತಿರುಗಿಸುವಾಗ ಹಾರುವ ಕಿಡಿಯ ಬಿಸಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಪ್ರತಿ ಸಲ ಮೋಟಾರು ಚಾಲೂ ಮಾಡಿದಾಗಲೂ ಮೇಲ್ಮೈಯಿಂದ ಒಂದಿಷ್ಟು ಸತು ಹೋಗುತ್ತದೆ, ಉಳಿಯುವುದು ತೂತು ತೂತಾದ ಚರ್ಮ. ಒಂದು ಪಾಯಿಂಟನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ಹಳದಿ ಹೋಗಿ ಕೆಂಪು ಕಲೆಗಳು ಎದ್ದಿದ್ದರೆ ಆಗಿರುವುದು ಇದೇ.

ಬೆಳ್ಳಿಯ ಯೋಚನೆ ತಪ್ಪಲ್ಲ, ಆದರೆ ಅದು ಸಲ್ಲುವ ಜಾಗ ಬೇರೆ. ತೆರೆದ ಗಾಳಿಯಲ್ಲಿ ತಾಮ್ರದ ಮೇಲೆ ಕಿಲುಬು ಕಟ್ಟಿ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ಆದ್ದರಿಂದಲೇ ಗಾಳಿಯಲ್ಲಿ ಕೆಲಸ ಮಾಡುವ ಕಾಂಟ್ಯಾಕ್ಟರುಗಳಿಗೆ (ಕಾಯಿಲಿನ ಸೆಳೆತದಿಂದ ಮುಚ್ಚಿ ತೆರೆಯುವ ಸ್ವಿಚ್ಚುಗಳಿಗೆ) ಬೆಳ್ಳಿಯ ಬಿಲ್ಲೆ ಇರುತ್ತದೆ. ಅದೂ ಶುದ್ಧ ಬೆಳ್ಳಿಯಲ್ಲ, ಕ್ಯಾಡ್ಮಿಯಂ ಆಕ್ಸೈಡ್ ಅಥವಾ ತವರದ ಆಕ್ಸೈಡ್ ಬೆರೆಸಿದ್ದು. ಆಭರಣದ ಬೆಳ್ಳಿ ಮೋಟಾರಿನ ಕಿಡಿಗೆ ಕರಗಿ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಗ ನೀವು ಹಿಡಿ ಬಿಟ್ಟರೂ ಮೋಟಾರು ನಿಲ್ಲುವುದಿಲ್ಲ. ಗಾಣದ ಬಾಯಲ್ಲಿ ಯಾರದಾದರೂ ಕೈ ಇದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ನಿಮ್ಮದು ಎಣ್ಣೆಯಲ್ಲಿ ಮುಳುಗಿರುವ ಸ್ಟಾರ್ಟರು. ಗಾಳಿ ತಾಗದ ಕಡೆ ಬರಿಯ ತಾಮ್ರವೇ ಸಾಕು.

ಯಾವ ತಾಮ್ರ? ಪ್ಯಾನೆಲ್ ಬೋರ್ಡ್ ಮಾಡುವವರ ಬಳಿ ಬಸ್‌ಬಾರ್ ಪಟ್ಟಿಯ (ಬೋರ್ಡಿನೊಳಗೆ ವಿದ್ಯುತ್ ಹಂಚುವ ತಾಮ್ರದ ಪಟ್ಟಿಯ) ತುಂಡುಗಳಿರುತ್ತವೆ, ತೂಕಕ್ಕೆ ಕೊಡುತ್ತಾರೆ. ಅದು ಎಲೆಕ್ಟ್ರೋಲಿಟಿಕ್ ತಾಮ್ರ, ಅಂದರೆ ವಿದ್ಯುತ್ ಹರಿಸಿ ಶುದ್ಧ ಮಾಡಿದ್ದು, ಅದನ್ನೇ ತನ್ನಿ. ಗುಜರಿ ತಾಮ್ರ ಕರಗಿಸಿ ಎರಕ ಹೊಯ್ಯಿಸಬೇಡಿ. ರಂಜಕದಂಥ ಕಲ್ಮಷ ಚಿಟಿಕೆಯಷ್ಟು ಸೇರಿದರೂ ವಾಹಕತೆ ಕುಸಿಯುತ್ತದೆ, ಒಳಗೆ ಗುಳ್ಳೆಗಳೂ ಉಳಿಯುತ್ತವೆ.

ಇನ್ನು ಸ್ಪ್ರಿಂಗು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎರಡು ಲೋಹಗಳು ಪೂರ್ತಿ ತಾಗಿದಂತೆ ಕಂಡರೂ ನಿಜವಾಗಿ ತಾಗುವುದು ಅಲ್ಲೊಂದು ಇಲ್ಲೊಂದು ಸಣ್ಣ ಉಬ್ಬಿನಲ್ಲಿ ಮಾತ್ರ. ಆ ಉಬ್ಬುಗಳು ಎಷ್ಟು ಚಪ್ಪಟೆಯಾಗುತ್ತವೆ ಎಂಬುದು ಒತ್ತಡವನ್ನೂ ಲೋಹದ ಮೃದುತನವನ್ನೂ ಅವಲಂಬಿಸಿದೆ, ಪಾಯಿಂಟಿನ ಅಗಲವನ್ನಲ್ಲ. ಒಮ್ಮೆ ಕಾದು ಕೆಂಪಾದ ಸ್ಪ್ರಿಂಗಿಗೆ ಕಸುವಿರುವುದಿಲ್ಲ. ಸುಡದೆ ಉಳಿದ ಫೇಸಿನ ಸ್ಪ್ರಿಂಗಿನ ಜೊತೆ ಉಳಿದವನ್ನು ಅಕ್ಕಪಕ್ಕ ಇಟ್ಟು ಅದುಮಿ ನೋಡಿ. ಮೆತ್ತಗಿದ್ದವನ್ನು ಹೊಸದಾಗಿ ಸುತ್ತಿಸಿ.

ಜೋಡಿಸಿದ ಮೇಲೆ, ಮೇನ್ ಸ್ವಿಚ್ ಇಳಿಸಿ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಒಂದು ಪರೀಕ್ಷೆ ಮಾಡಿ. ಎಣ್ಣೆ ತುಂಬುವ ಮೊದಲೇ ಕಾರ್ಬನ್ ಕಾಗದ ಮತ್ತು ತೆಳು ಬಿಳಿ ಕಾಗದವನ್ನು ಪಾಯಿಂಟುಗಳ ನಡುವೆ ಇಟ್ಟು ಹಿಡಿ ಮುಚ್ಚಿ ತೆಗೆಯಿರಿ. ಬಿಳಿ ಕಾಗದದ ಮೇಲೆ ಅಗಲವಾದ ಮಸಿ ಗುರುತು ಬೀಳಬೇಕು. ಮೂಲೆಯಲ್ಲೊಂದು ಚುಕ್ಕಿ ಬಿದ್ದರೆ ನುಣುಪು ಅರದಿಂದ ಆ ಮೂಲೆಯನ್ನು ತಗ್ಗಿಸಿ ಮತ್ತೆ ನೋಡಿ. ಮೂರೂ ಫೇಸಿನ ಗುರುತು ಒಂದೇ ತರಹ ಬರುವ ತನಕ ಈ ಕೆಲಸ ಬಿಡಬೇಡಿ. ಆಮೇಲೆ ಗುರುತಿನ ಮಟ್ಟಕ್ಕೆ ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿಸಿ. ಎಂಜಿನ್ ಆಯಿಲ್ ಸುರಿಯುವವರೂ ಇದ್ದಾರೆ, ಅವರ ಧೈರ್ಯಕ್ಕೆ ನನ್ನ ನಮಸ್ಕಾರ.

20 ಎಚ್‌ಪಿ ಮೋಟಾರು ಪೂರ್ತಿ ಭಾರದಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ. ಒಳ್ಳೆಯ ತಾಮ್ರಕ್ಕೆ ಇದೇನೂ ಹೊರೆಯಲ್ಲ. ಹಿಡಿಯನ್ನು ಮಾತ್ರ ಅರ್ಧದಲ್ಲಿ ತಡವರಿಸದೆ ಒಂದೇ ಬೀಸಿಗೆ ತಿರುಗಿಸಲು ಕೆಲಸದವರಿಗೆ ಹೇಳಿ.

ಪ್ರಶ್ನೆ: ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ಮರದ ಬೋರ್ಡಿನ ಮೇಲೆ ದುಂಡನೆಯ ಕಪ್ಪು ಸ್ವಿಚ್ಚುಗಳಿವೆ. ಕೆಲವದರ ಮುಚ್ಚಳ ಒಡೆದಿದೆ. ಮಗನ ಬಳಿ ತ್ರೀಡಿ ಪ್ರಿಂಟರ್ ಇದೆ, ಅದರಲ್ಲಿ ಮಾಡಬಹುದೆ?

ಉತ್ತರ: ಅಳತೆ ನೋಡಲು ಮಾಡಿಕೊಳ್ಳಿ, ಬಳಸಲು ಬೇಡ. ಆ ಕಪ್ಪು ವಸ್ತು ಬೇಕಲೈಟ್, 1907ರಲ್ಲಿ ಲಿಯೋ ಬೇಕಲ್ಯಾಂಡ್ ರೂಪಿಸಿದ್ದು. ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮತ್ತೆ ಕಾಯಿಸಿದರೂ ಕರಗುವುದಿಲ್ಲ. ಮನೆಯ ಪ್ರಿಂಟರಿನಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತಾ ತೊಟ್ಟಿಕ್ಕುತ್ತದೆ. ಒಳಗೊಂದು ತಿರುಪು ಸಡಿಲವಾದರೂ ಸಾಕು, ಆ ಬಿಸಿ ಬಂದುಬಿಡುತ್ತದೆ.

ಅದರ ಬದಲು ಪ್ರಿಂಟ್ ಮಾಡಿದ ಮುಚ್ಚಳವನ್ನು ಮಾದರಿಯಾಗಿ ಲೇತಿನವರಿಗೆ ಕೊಟ್ಟು ಹೈಲಂ ರಾಡಿನಲ್ಲಿ ಕಡೆಸಿ. ಹೈಲಂ ಕೂಡ ಬೇಕಲೈಟ್ ಕುಲದ್ದೇ, ಕಾಗದ ಅಥವಾ ಬಟ್ಟೆಯ ಪದರಗಳನ್ನು ಅದೇ ತರಹದ ರಾಳದಲ್ಲಿ ಒತ್ತಿ ಗಟ್ಟಿ ಮಾಡಿದ್ದು. ಕೇಳುವಾಗ ಕಾಗದದ ಪದರದ್ದು ಬೇಕೆಂದು ಹೇಳಿ. ಬಟ್ಟೆ ಪದರದ್ದು ಗಟ್ಟಿ, ಆದರೆ ಅದು ಗಿಯರು, ಬುಷ್ಷುಗಳ ಕೆಲಸಕ್ಕೆ. ಕಡೆದ ಅಂಚುಗಳು ಮಳೆಗಾಲದಲ್ಲಿ ತೇವ ಹೀರುತ್ತವೆ, ರಿವೈಂಡಿಂಗ್ ಅಂಗಡಿಯ ಇನ್ಸುಲೇಟಿಂಗ್ ವಾರ್ನಿಷ್ ಹಚ್ಚಿಸಿ. ಸ್ವಿಚ್ಚಿನೊಳಗಿನ ಕಿಡಿ ಹಾರುವ ಭಾಗವೇ ಒಡೆದಿದ್ದರೆ ಹೈಲಂ ಕೂಡ ಬೇಡ: ಕಿಡಿ ತಾಗಿದ ಕಡೆ ಅದರ ಮೇಲೆ ಇದ್ದಿಲಿನ ಗೆರೆ ಮೂಡಿ, ಆ ಗೆರೆಯೇ ತಂತಿಯಂತಾಗುತ್ತದೆ. ಆಗ ಹಳೆಯ ಮುಚ್ಚಳವನ್ನು ಶೋಭೆಗೆ ಉಳಿಸಿಕೊಂಡು ಒಳಗೆ ಹೊಸ ಸ್ವಿಚ್ ಕೂರಿಸುವುದೇ ಲೇಸು. ಬಿಚ್ಚುವಾಗ ಹಳೆಯ ಫ್ಯೂಸ್ ಹಿಡಿಕೆಗಳಲ್ಲಿ ಬೂದುಬಣ್ಣದ ನಾರಿನ ಪಟ್ಟಿ ಕಂಡರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಣಗಿದ್ದಾಗ ಅದನ್ನು ಕೆರೆಯಬೇಡಿ, ಊದಬೇಡಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ರಿವೈಂಡಿಂಗ್ ಮಾಡುತ್ತೇನೆ. ಹಳೆಯ ಸ್ಟಾರ್ಟರಿನ 415 ವೋಲ್ಟಿನ ನೋ ವೋಲ್ಟ್ ಕಾಯಿಲ್ (ಕರೆಂಟು ಹೋದಾಗ ಸ್ಟಾರ್ಟರನ್ನು ಬಿಡಿಸುವ ಸುರುಳಿ) ಸುಟ್ಟು ಗಟ್ಟಿಯಾಗಿದೆ, ಸುತ್ತು ಎಣಿಸಲು ಆಗುತ್ತಿಲ್ಲ. ಗಿರಾಕಿ 230 ವೋಲ್ಟಿಗೆ ಬದಲಿಸಿ ಎನ್ನುತ್ತಾರೆ. ಎಷ್ಟು ಸುತ್ತು ಹಾಕಲಿ?

ಉತ್ತರ: ಎಣಿಸಬೇಡಿ, ತೂಗಿ. ಎನಾಮೆಲ್ ಸುಟ್ಟು ತೆಗೆದು ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. 36 ಗೇಜ್, ಅಂದರೆ 0.193 ಮಿ.ಮೀ. ಬಂತು ಎಂದುಕೊಳ್ಳೋಣ. ಆ ತಂತಿಯ ಒಂದು ಮೀಟರು ಸುಮಾರು 0.26 ಗ್ರಾಂ ತೂಗುತ್ತದೆ. ಒಟ್ಟು ತಾಮ್ರ 100 ಗ್ರಾಂ ಇದ್ದರೆ ಉದ್ದ ಸುಮಾರು 384 ಮೀಟರು. ಬಾಬಿನ್ನಿನ ಒಳಸುತ್ತು, ಹೊರಸುತ್ತುಗಳ ಸರಾಸರಿ 10 ಸೆಂ.ಮೀ. ಇದ್ದರೆ 3840 ಸುತ್ತು. 230 ವೋಲ್ಟಿಗೆ ಅದನ್ನು 230ರಿಂದ ಗುಣಿಸಿ 415ರಿಂದ ಭಾಗಿಸಿ: ಸುಮಾರು 2130. ಸುತ್ತು ಕಡಿಮೆಯಾದಷ್ಟೂ ತಂತಿ ದಪ್ಪವಾಗಬೇಕು. ಇಲ್ಲಿ 33 ಗೇಜ್ ಸರಿಹೊಂದುತ್ತದೆ, ಬಾಬಿನ್ ಕೂಡ ಮೊದಲಿನಷ್ಟೇ ತುಂಬುತ್ತದೆ.

ಸುತ್ತುವ ಮುನ್ನ ಅದು ಸುಟ್ಟಿದ್ದೇಕೆಂದು ನೋಡಿ. ಎಸಿ ಕಾಯಿಲಿನ ಕಬ್ಬಿಣದ ತುಂಡು ಪೂರ್ತಿ ಮುಚ್ಚಿಕೊಳ್ಳದಿದ್ದರೆ ಅದು ಹಲವು ಪಟ್ಟು ಕರೆಂಟು ಎಳೆಯುತ್ತದೆ, ಯಾವ ತಂತಿ ಸುತ್ತಿದರೂ ಉಳಿಯದು. ಮುಖದಲ್ಲಿ ತುಕ್ಕು ಇದೆಯೇ, ಗಟ್ಟಿಯಾದ ಗ್ರೀಸ್ ಇದೆಯೇ ನೋಡಿ. ಮುಖದ ಸೀಳಿನಲ್ಲಿ ಕೂರಿಸಿರುವ ತಾಮ್ರದ ಸಣ್ಣ ಉಂಗುರ ಬಿರುಕು ಬಿಟ್ಟಿದ್ದರೆ ಸ್ಟಾರ್ಟರು ಗುಂಯ್‌ಗುಡುತ್ತಾ ಅದುರುತ್ತದೆ; ಅದನ್ನು ಅದೇ ದಪ್ಪದ ತಾಮ್ರದಲ್ಲಿ ಮಾಡಿ, ತುದಿಗಳನ್ನು ಬೆಳ್ಳಿ ಬೆಸುಗೆಯಿಂದ ಕೂಡಿಸಿ. ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ, ಬೇಡ. ಬೆಸುಗೆ ಕಡ್ಡಿಯಲ್ಲಿ ಕ್ಯಾಡ್ಮಿಯಂ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡು ತನ್ನಿ. ಅದರ ಹೊಗೆ ವಿಷ.